ರೋಗದೊಳಗೆ ವಿಕಾಸದ ಹೆಜ್ಜೆ ಕಂಡ ಹಾಲ್ಡೇನ್

ನೊಣವಿನಕೆರೆಯ ತೆಂಗಿನ ತೋಟಗಳಲ್ಲಿ ಅಕ್ಕಪಕ್ಕದ ಎರಡು ಮರಗಳೂ ಒಂದೇ ತೆರನಾಗಿರುವುದಿಲ್ಲ. ಕಾಯಿಯ ಗಾತ್ರ ಬೇರೆ, ಫಸಲು ಬೇರೆ. ತಿಪಟೂರು ಸೀಮೆಯ ಎತ್ತರದ ತಳಿ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುವುದೇ ಇದಕ್ಕೆ ಕಾರಣ. ಜೀವಿಗಳಲ್ಲಿ ಇಂಥ ವೈವಿಧ್ಯ ಅಳಿಯದೆ ಉಳಿದಿರುವುದೇಕೆ? ಈ ಪ್ರಶ್ನೆಗೆ ಪರೋಪಜೀವಿಗಳಲ್ಲಿ ಉತ್ತರ ಹುಡುಕಿದವರು ಜೆ.ಬಿ.ಎಸ್. ಹಾಲ್ಡೇನ್.

1892ರ ನವೆಂಬರ್ 5ರಂದು ಆಕ್ಸ್‌ಫರ್ಡ್‌ನಲ್ಲಿ ಜನಿಸಿದ ಹಾಲ್ಡೇನ್, ಬಾಲ್ಯದಲ್ಲೇ ಶರೀರಶಾಸ್ತ್ರಜ್ಞ ತಂದೆಯ ಪ್ರಯೋಗಗಳಿಗೆ ನೆರವಾದರು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡು, ಚೇತರಿಸಿಕೊಳ್ಳಲು ಭಾರತಕ್ಕೆ ಬಂದರು. ಮುಂದೆ ಕೇಂಬ್ರಿಡ್ಜ್ ಹಾಗೂ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ದುಡಿದರು. ಡಾರ್ವಿನ್ನನ ನಿಸರ್ಗದ ಆಯ್ಕೆ ಮತ್ತು ಮೆಂಡೆಲ್‌ನ ಅನುವಂಶೀಯತೆಯನ್ನು ಗಣಿತದಿಂದ ಬೆಸೆದ ಮೂವರು ಪ್ರಮುಖರಲ್ಲಿ ಅವರೂ ಒಬ್ಬರು.

ಮೆಡಿಟರೇನಿಯನ್ ತೀರದಲ್ಲಿ ಥಲಸ್ಸೀಮಿಯಾ ರಕ್ತರೋಗ ವ್ಯಾಪಕವಾಗಿತ್ತು. ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದ ಮಕ್ಕಳು ಆಗ ಎಳವೆಯಲ್ಲೇ ಸಾಯುತ್ತಿದ್ದರು. ಅಂಥ ವಂಶವಾಹಿ ಸಹಜವಾಗಿ ನಶಿಸಬೇಕಿತ್ತು. ಒಬ್ಬರಿಂದ ಮಾತ್ರ ಅದನ್ನು ಪಡೆದವರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತಿರಬೇಕು ಎಂದು ಹಾಲ್ಡೇನ್ ಊಹಿಸಿದರು. 1949ರಲ್ಲಿ ಪ್ರಕಟವಾದ, ರೋಗ ಮತ್ತು ವಿಕಾಸ ಕುರಿತ ಲೇಖನದಲ್ಲಿ ಇನ್ನೂ ಮುಂದೆ ಹೋದರು. ಪರೋಪಜೀವಿಯು ಹೆಚ್ಚು ಸಂಖ್ಯೆಯಲ್ಲಿರುವ ಬಗೆಯ ಆತಿಥೇಯ ಜೀವಿಗೆ ಹೊಂದಿಕೊಳ್ಳುತ್ತದೆ. ಅಪರೂಪದ ಬಗೆ ಪಾರಾಗುತ್ತದೆ. ಅಪರೂಪವಾದದ್ದು ಹೆಚ್ಚಿದರೆ ಅದರ ಸರದಿಯೂ ಬರುತ್ತದೆ. ಹೀಗಾಗಿ ಯಾರಿಗೂ ಅಂತಿಮ ಗೆಲುವಿಲ್ಲ, ವೈವಿಧ್ಯವೇ ರಕ್ಷೆ ಎಂಬುದು ಅವರ ವಾದದ ಸಾರ.

ಪುರಾವೆಗಳು ಒಂದೊಂದಾಗಿ ದೊರೆತವು. ಕುಡಗೋಲು ರಕ್ತಕಣದ ವಂಶವಾಹಿ ಮಲೇರಿಯಾವನ್ನು ತಡೆಯುತ್ತದೆಂದು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಅದೇ ವಂಶವಾಹಿ 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲೂ, ಮುಂದೆ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಾಡಿಗಳಲ್ಲೂ ಪತ್ತೆಯಾಯಿತು. ಹೊಕ್ಕ ರೋಗಾಣುವನ್ನು ಗುರುತಿಸಲು ನೆರವಾಗುವ ಎಚ್‌ಎಲ್‌ಎ ವಂಶವಾಹಿಗಳ ಒಂದು ಬಗೆ ತೀವ್ರ ಮಲೇರಿಯಾದಿಂದ ಕಾಪಾಡುತ್ತದೆಂದು 1991ರಲ್ಲಿ ಗ್ಯಾಂಬಿಯಾದ ಅಧ್ಯಯನ ತಿಳಿಸಿತು. ಮನುಷ್ಯನ ವಂಶವಾಹಿಗಳಲ್ಲಿ ಅತ್ಯಂತ ವೈವಿಧ್ಯ ಇರುವುದೂ ಇವುಗಳಲ್ಲೇ.

1957ರಲ್ಲಿ ಹಾಲ್ಡೇನ್ ಕಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿದರು. ಸೂಯೆಜ್ ಮೇಲಿನ ಬ್ರಿಟನ್ನಿನ ದಾಳಿಯನ್ನು ದೇಶ ಬಿಡಲು ಕಾರಣವಾಗಿ ಹೇಳಿದ ಅವರು ಇಲ್ಲಿನ ಪೌರತ್ವ ಪಡೆದು ಭಾರತೀಯ ಉಡುಗೆ ತೊಟ್ಟರು. ತೆಂಗಿನ ಗರಿಗಳು ಕೆಲವು ಮರಗಳಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಸುರುಳಿಯಾಗಿ ಜೋಡಣೆಗೊಳ್ಳುವುದನ್ನು ಅಭ್ಯಸಿಸಿದ ಟಿ.ಎ. ಡೇವಿಸ್ ಅವರಿಗೆ ಪ್ರೋತ್ಸಾಹ ನೀಡಿದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಅವರು ಸಂಪಾದಿಸುತ್ತಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್' 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಕಟಣೆಯಾಗಿದೆ.

ಕಾಡಂಚಿನ ಹಾಡಿಗಳಲ್ಲಿ ಮಲೇರಿಯಾ ಹಿಂದೆ ಸರಿದಿದೆ. ಆದರೆ ಅದರಿಂದ ಹಿರಿಯರನ್ನು ಕಾಪಾಡಿದ ವಂಶವಾಹಿ ಇಂದಿಗೂ ಕೆಲವು ಮಕ್ಕಳನ್ನು ನೋವಿಗೆ ದೂಡುತ್ತಿದೆ. ಈ ರೋಗದ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಹಳೆಯ ರಕ್ಷಣೆಗೆ ತೆತ್ತ ಬೆಲೆ ಎಷ್ಟು ದೀರ್ಘವೆಂಬುದನ್ನು ಅರ್ಥ ಮಾಡಿಸಿದ್ದು ಹಾಲ್ಡೇನರ ಊಹೆ.