ವಾಲಚಂದ್ ಹೀರಾಚಂದ್

ಬೆಂಗಳೂರಿನ ಹೊರವಲಯದ ಪೀಣ್ಯ, ಚಿಕ್ಕಬಾಣಾವರಗಳ ಕಡೆ ಇಂದು ಯಂತ್ರಗಳ ಸದ್ದು ಹಗಲಿರುಳೂ ಕೇಳಿಬರುತ್ತದೆ. ಆ ಪ್ರದೇಶವೆಲ್ಲ ಹೊಲ, ತೋಟಗಳಾಗಿದ್ದ ಕಾಲದಲ್ಲಿಯೇ ನಗರದ ಪೂರ್ವ ದಿಕ್ಕಿನಲ್ಲಿ ವಿಮಾನ ನಿರ್ಮಿಸುವ ಕಾರ್ಖಾನೆಯೊಂದು ತಲೆಯೆತ್ತಿತು. ಮೋಟಾರು ಕಾರನ್ನು ಕೂಡ ತಯಾರಿಸಲಾರದ ಪರತಂತ್ರ ದೇಶದಲ್ಲಿ ಇಂಥ ಸಾಹಸಕ್ಕೆ ಕೈಹಾಕಿದವರು ವಾಲಚಂದ್ ಹೀರಾಚಂದ್.

ವಾಲಚಂದರು 1882ನೆಯ ನವೆಂಬರ್ 23ರಂದು ಸೊಲ್ಲಾಪುರದ ಜೈನ ವರ್ತಕ ಮನೆತನದಲ್ಲಿ ಜನಿಸಿದರು. ಕನ್ನಡ, ಮರಾಠಿಗಳೆರಡೂ ಬೀದಿಬೀದಿಯಲ್ಲಿ ಕೇಳಿಸುವ ಊರದು. ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ಮನೆತನದ ವೃತ್ತಿಯಾಗಿದ್ದವು. ಕುಳಿತಲ್ಲಿಯೇ ಬಡ್ಡಿ ಎಣಿಸುವ ಕೆಲಸ ತರುಣ ವಾಲಚಂದರ ಮನಸ್ಸಿಗೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಎಂಬುವರೊಡನೆ ಸೇರಿ ಅವರು ರೈಲುಮಾರ್ಗಗಳ ಗುತ್ತಿಗೆ ಹಿಡಿದರು. ಮುಂಬಯಿ–ಪುಣೆ ಮಾರ್ಗದ ಭೋರ್ ಘಾಟಿನಲ್ಲಿ ಸುರಂಗಗಳನ್ನು ಕೊರೆಯಿಸಿದ್ದು ಅವರ ಸಂಸ್ಥೆಯ ದೊಡ್ಡ ಕೆಲಸಗಳಲ್ಲೊಂದು.

ನೆಲದ ಮೇಲಿನ ಕೆಲಸದಿಂದ ಅವರ ದೃಷ್ಟಿ ಕಡಲಿನತ್ತ ಹೊರಳಿತು. ಆಗ ಭಾರತದ ಕಡಲ ವ್ಯಾಪಾರವೆಲ್ಲ ಬ್ರಿಟಿಷ್ ಕಂಪೆನಿಗಳ ಕೈಯಲ್ಲಿತ್ತು. ವಾಲಚಂದರು ಗೆಳೆಯರೊಡನೆ ಸಿಂಧಿಯಾ ಹಡಗು ಕಂಪೆನಿಯನ್ನು ಸ್ಥಾಪಿಸಿ, ಗ್ವಾಲಿಯರ್ ಮಹಾರಾಜರಿಂದ ‘ಲಾಯಲ್ಟಿ’ ಎಂಬ ಹಡಗನ್ನು ಕೊಂಡರು. 1919ನೆಯ ಏಪ್ರಿಲ್ 5ರಂದು ಅದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಬ್ರಿಟಿಷ್ ಕಂಪೆನಿಗಳು ಸರಕು ಸಾಗಣೆಯ ದರವನ್ನು ಬೇಕೆಂದೇ ಇಳಿಸಿ, ಈ ಹೊಸ ಸ್ಪರ್ಧಿಯನ್ನು ಮುಳುಗಿಸಲು ಯತ್ನಿಸಿದವು. ಸಿಂಧಿಯಾ ನಷ್ಟವನ್ನು ಸಹಿಸಿಕೊಂಡು ಉಳಿಯಿತು. ಏಪ್ರಿಲ್ 5ನ್ನು ಭಾರತದಲ್ಲಿ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ.

ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ, ವಾಲಚಂದರು ಅಮೆರಿಕದಿಂದ ಪೆಸಿಫಿಕ್ ಸಾಗರದ ಮೇಲೆ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದರು. ಸಹಪ್ರಯಾಣಿಕರಾದ ವಿಲಿಯಂ ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕನರು. ಯುದ್ಧಪೀಡಿತ ಚೀನಾದಲ್ಲಿ ಸಾಧ್ಯವಾದುದು ಭಾರತದಲ್ಲಿ ಏಕೆ ಆಗಬಾರದೆಂಬ ವಿಚಾರ ವಾಲಚಂದರ ತಲೆಯನ್ನು ಹೊಕ್ಕಿತು. ಭಾರತ ಸರ್ಕಾರವು ಮೊದಲು ಅವರ ಮಾತಿಗೆ ಕಿವಿಗೊಡಲಿಲ್ಲ. 1940ರ ಬೇಸಗೆಯಲ್ಲಿ ಫ್ರಾನ್ಸ್ ಸೋತು, ಇಂಗ್ಲೆಂಡಿಗೇ ವಿಮಾನಗಳು ಸಾಲದಾದಾಗ ಸರ್ಕಾರದ ಧೋರಣೆ ಬದಲಾಯಿತು. ಕಷ್ಟ ಬಂದಾಗ ಮಾತ್ರ ಆಳುವವರಿಗೆ ಭಾರತೀಯರ ಸಾಮರ್ಥ್ಯ ಕಾಣಿಸಿದುದು ವಿಚಿತ್ರವೇ ಸರಿ.

ಕಾರ್ಖಾನೆಗೆ ತಕ್ಕ ಸ್ಥಳ ಬೇಕಾಗಿತ್ತು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನಲ್ಲಿ ಸುಮಾರು 700 ಎಕರೆ ಭೂಮಿಯನ್ನು ನೀಡಲು ಮುಂದೆ ಬಂದರು. ಸಂಸ್ಥಾನವು 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿತು. ಇಲ್ಲಿನ ಹವೆ ಹಿತವಾಗಿತ್ತು, ಶಿವನಸಮುದ್ರದ ವಿದ್ಯುಚ್ಛಕ್ತಿಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ, ಊರು ಕಡಲತೀರದಿಂದ ಒಳಗಿತ್ತು. 1940ನೆಯ ಡಿಸೆಂಬರ್ 23ರಂದು ‘ಹಿಂದುಸ್ಥಾನ್ ಏರ್‌ಕ್ರಾಫ್ಟ್’ ಸಂಸ್ಥೆ ಜನ್ಮತಾಳಿತು. ಅಮೆರಿಕದಿಂದ ಯಂತ್ರಗಳೂ ತಂತ್ರಜ್ಞರೂ ಬಂದರು. ಮಾರನೆಯ ವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು.

ಅಷ್ಟರಲ್ಲಿ ಯುದ್ಧದ ಜ್ವಾಲೆ ಭಾರತದ ಬಾಗಿಲಿಗೇ ಬಂದಿತು. 1942ರ ಫೆಬ್ರವರಿಯಲ್ಲಿ ಸಿಂಗಪುರವೂ ಮಾರ್ಚಿಯಲ್ಲಿ ರಂಗೂನೂ ಜಪಾನೀಯರ ವಶವಾದವು. ಇಷ್ಟು ಮುಖ್ಯವಾದ ಕಾರ್ಖಾನೆ ಖಾಸಗಿಯವರ ಕೈಯಲ್ಲಿರಕೂಡದೆಂದು ಭಾವಿಸಿದ ಭಾರತ ಸರ್ಕಾರವು ಏಪ್ರಿಲಿನಲ್ಲಿ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಕಟ್ಟಿದ ಹದಿನಾರು ತಿಂಗಳಿಗೆ ಅವರು ಅದನ್ನು ಬಿಟ್ಟುಕೊಡಬೇಕಾಯಿತು. ಅದೇ ತಿಂಗಳು ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು; ಅಲ್ಲಿ ವಾಲಚಂದರು ಆಗತಾನೆ ಆರಂಭಿಸಿದ್ದ ಹಡಗುಕಟ್ಟೆಯ ಕೆಲಸಕ್ಕೂ ಅಡ್ಡಿಯುಂಟಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರೊಡನೆ ಅವರು ಬಹುಕಾಲ ಚಿಂತಿಸಿದ್ದ ಮೋಟಾರು ಕಾರ್ಖಾನೆಯೂ ವಿದೇಶೀ ಸರ್ಕಾರದ ಬೆಂಬಲವಿಲ್ಲದೆ ಮೈಸೂರು ಸಂಸ್ಥಾನದಲ್ಲಿ ನೆಲೆಗೊಳ್ಳಲಿಲ್ಲ.

ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಚೆಲ್ಲಿ ಕೂರುತ್ತಿದ್ದರೇನೋ. ವಾಲಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಮೋಟಾರು ಸಂಸ್ಥೆಯನ್ನು ಸ್ಥಾಪಿಸಿದರು. ವಿಶಾಖಪಟ್ಟಣದ ಕೆಲಸವನ್ನು ಮತ್ತೆ ಮುಂದುವರಿಸಿದರು. 1948ನೆಯ ಮಾರ್ಚ್ 14ರಂದು, ಅಲ್ಲಿ ನಿರ್ಮಾಣವಾದ ‘ಜಲ ಉಷಾ’ ಹಡಗನ್ನು ಪ್ರಧಾನಿ ಜವಾಹರಲಾಲ್ ನೆಹರೂ ನೀರಿಗಿಳಿಸಿದರು.

ಮರುವರ್ಷ ವಾಲಚಂದರು ಪಾರ್ಶ್ವವಾಯುವಿಗೆ ತುತ್ತಾಗಿ, ಬಳಿಕ ಎಲ್ಲ ವ್ಯವಹಾರಗಳಿಂದ ನಿವೃತ್ತರಾದರು. 1951ರ ಆಗಸ್ಟಿನಲ್ಲಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಭಾರತೀಯರೇ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ ಮೊದಲ ಬಾರಿಗೆ ಆಕಾಶಕ್ಕೇರಿತು. 1953ನೆಯ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲಚಂದರು ನಿಧನರಾದರು. ಅವರು ಆರಂಭಿಸಿದ ವಿಮಾನ ಕಾರ್ಖಾನೆಯು 1964ರಲ್ಲಿ ‘ಹಿಂದುಸ್ಥಾನ್ ಏರೋನಾಟಿಕ್ಸ್’ ಎಂಬ ಹೆಸರು ತಳೆದು, ಇಂದಿಗೂ ಬೆಂಗಳೂರಿನಲ್ಲಿ ವಿಮಾನಗಳನ್ನು ನಿರ್ಮಿಸುತ್ತಿದೆ.