ಹಳ್ಳಿ ಸಾಲ ಸಂಘಗಳ ಪಿತಾಮಹ ರೈಫೈಸನ್

ಜನ ಸಂಘಕ್ಕೆ ಸೇರುವುದು ಯಾಕೆ? ತಮ್ಮ ಲಾಭಕ್ಕೋ, ಊರಿನ ಒಳಿತಿಗೋ? ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರು ಈ ಪ್ರಶ್ನೆ ಕೇಳಿಕೊಳ್ಳಬೇಕು ಅಂತ ನಮ್ಮ ಆಸೆ. ಜೀವಮಾನವೆಲ್ಲ ಇದೇ ಪ್ರಶ್ನೆಯೊಂದಿಗೆ ಹೆಣಗಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ ಅವರು ಜರ್ಮನಿಯ ಹಾಮ್ ಎಂಬ ಊರಿನಲ್ಲಿ 1818ರ ಮಾರ್ಚ್ 30ರಂದು ಜನಿಸಿದರು. ಒಂಬತ್ತು ಮಕ್ಕಳ ಮನೆ. ಹದಿನೇಳನೇ ವಯಸ್ಸಿಗೇ ಸೈನ್ಯ ಸೇರಿದರು. ಕಣ್ಣಿನ ಬೇನೆಯಿಂದ ಆ ಕೆಲಸ ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಶ್ ಸುತ್ತಿನ ಹಳ್ಳಿಗಳಿಗೆ ಮೇಯರ್ ಆದರು.

ಬೆಳೆ ಕೆಟ್ಟು 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗಾಲಾದರು. ರೈಫೈಸನ್ ಅವರು ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರೊಟ್ಟಿನ ಒಲೆಯಲ್ಲಿ ರೊಟ್ಟಿ ಸುಡಿಸಿ, ಬಡವರಿಗೆ ಉದ್ದರಿ ಕೊಡಿಸಿದರು. ಮುಂದೆ ಫ್ಲಾಮರ್ಸ್‌ಫೆಲ್ಡ್‌ಗೆ ಹೋದಾಗ ಅಲ್ಲಿಯ ರೈತರು ದನದ ವ್ಯಾಪಾರಿಗಳ ಬಡ್ಡಿಗೆ ಸಿಕ್ಕಿ ಒದ್ದಾಡುತ್ತಿದ್ದರು. 1849ರಲ್ಲಿ ಸುಮಾರು 60 ಮಂದಿ ಸ್ಥಿತಿವಂತರನ್ನು ಜಾಮೀನಿಗೆ ನಿಲ್ಲಿಸಿ, ರೈತರಿಗೆ ದನ ಕೊಡಿಸಿ, ಐದು ವರ್ಷದಲ್ಲಿ ಕಂತು ಕಟ್ಟುವ ಏರ್ಪಾಡು ಮಾಡಿದರು. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಇಂಥದೇ ಧರ್ಮಸಂಘ ಕಟ್ಟಿದರು.

ಆದರೆ ತೊಡಕು ಇದ್ದದ್ದು ಇಲ್ಲೇ. ಕೊಡುವವರು ಬೇರೆ, ಪಡೆಯುವವರು ಬೇರೆ. ಕಷ್ಟ ಕಣ್ಣೆದುರಿಗೆ ಇರುವ ತನಕ ಕನಿಕರ ಇತ್ತು. ಬರಬರುತ್ತ ಉಳ್ಳವರ ಉತ್ಸಾಹ ಇಳಿಯಿತು. ಕನಿಕರವೊಂದನ್ನೇ ನಂಬಿದರೆ ಸಂಘ ಬಾಳುವುದಿಲ್ಲ ಎಂಬುದನ್ನು, ದೈವಭಕ್ತರಾದ ಅವರು ಕೊನೆಗೆ ಒಪ್ಪಬೇಕಾಯಿತು.

1864ರಲ್ಲಿ ಹೆಡ್ಡೆಸ್‌ಡಾರ್ಫ್‌ನ ಸಂಘವನ್ನು ಸಾಲ ಸಂಘವಾಗಿ ಮಾರ್ಪಡಿಸಿದರು. ಸಾಲ ಬೇಕಾದವನು ಸದಸ್ಯನಾಗಲೇಬೇಕು. ಹೊಣೆ ಅಪರಿಮಿತ, ಅಂದರೆ ಒಬ್ಬ ಸಾಲ ಮುಳುಗಿಸಿದರೆ ಎಲ್ಲರ ಹೊಲಮನೆಗೂ ಬಾಧೆ. ಪಕ್ಕದವನು ಸಾಲದ ದುಡ್ಡಿನಲ್ಲಿ ಹಸು ಕೊಂಡನೋ, ಕುಡಿದು ಹಾಳು ಮಾಡಿದನೋ ಅಂತ ನೋಡುವುದು ಪ್ರತಿಯೊಬ್ಬನ ಸ್ವಂತ ಗರಜಾಯಿತು. ಒಬ್ಬರನ್ನೊಬ್ಬರು ಬಲ್ಲವರೇ ಇರಲಿ ಅಂತ ಸಂಘದ ವ್ಯಾಪ್ತಿಯನ್ನೂ ಚಿಕ್ಕದಾಗಿ ಇಟ್ಟರು. ಹೀಗೆ ಸ್ವಾರ್ಥವೇ ನೆರೆಯವನ ಕಾಳಜಿಗೆ ದಾರಿಯಾಯಿತು.

ಹಾಗಾದರೆ ಸ್ವಾರ್ಥವೊಂದೇ ಸಾಕೇ? ಆಗಿನ ಇನ್ನೊಬ್ಬ ದೊಡ್ಡ ಸಹಕಾರಿ ಶುಲ್ಜ್-ಡೆಲಿಟ್ಸ್ ಅವರು ಷೇರು, ಲಾಭಾಂಶ ಇರಬೇಕೆಂದು ವಾದಿಸಿದರು. ರೈಫೈಸನ್ ಒಪ್ಪಲಿಲ್ಲ. ಅವರ ಸಂಘಗಳಲ್ಲಿ ಆಡಳಿತ ಮಂಡಳಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವರಿಗೆ ಮಾತ್ರ. ಬಂದ ಲಾಭ ಹಂಚುವ ಬದಲು ಕಾಯ್ದಿಟ್ಟ ನಿಧಿಗೆ ಸೇರಬೇಕು. ಆ ನಿಧಿ ಇಂದಿನ ಸದಸ್ಯರದಷ್ಟೇ ಅಲ್ಲ, ಮುಂದೆ ಬರುವವರದೂ ಹೌದು.

ಅವರ ಸ್ವಂತ ಬಾಳು ಸುಖದ್ದಲ್ಲ. 1863ರಲ್ಲಿ ಪತ್ನಿ ತೀರಿಕೊಂಡರು. 1865ರಲ್ಲಿ ಅನಾರೋಗ್ಯದಿಂದ ಹುದ್ದೆ ಬಿಟ್ಟರು. ಹೊಟ್ಟೆಪಾಡಿಗೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ಕಣ್ಣು ಮಂಜಾದ ಮೇಲೆ ಮಗಳು ಅಮಾಲಿಯೇ ಅವರ ಓದು ಬರಹ ನೋಡಿಕೊಂಡರು. 1888ರ ಮಾರ್ಚ್ 11ರಂದು ದಿವಂಗತರಾದರು.

ಮದ್ರಾಸ್ ಸರಕಾರದ ಪರವಾಗಿ ಯುರೋಪಿನ ಸಂಘಗಳನ್ನು ಅಭ್ಯಸಿಸಿದ ಫ್ರೆಡರಿಕ್ ನಿಕೋಲ್ಸನ್ ಅವರು 1895-97ರ ವರದಿಯಲ್ಲಿ ಇವರ ದಾರಿಯನ್ನೇ ಎತ್ತಿಹಿಡಿದರು. 1904ರ ಕಾಯಿದೆ ಹಳ್ಳಿ ಸಂಘಗಳಿಗೆ ಅಪರಿಮಿತ ಹೊಣೆಯನ್ನೇ ಇಟ್ಟಿತು. ಅದರ ಅಡಿಯಲ್ಲಿಯೇ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು.

ಈಗ ಸಾಮಾನ್ಯವಾಗಿ ಸದಸ್ಯರ ಹೊಣೆ ಷೇರಿನ ಮಟ್ಟಿಗೆ ಮಾತ್ರ. ಪಕ್ಕದವನು ಸುಸ್ತಿಯಾದರೆ ನಮಗೇನು ಅನ್ನುವುದು ಸುಲಭ. ಸಂಘ ಮುಳುಗಿದರೆ ನಾಳೆ ಬೀಜ ಗೊಬ್ಬರಕ್ಕೆ ಸಾಲ ಎಲ್ಲಿಂದ ಬರುತ್ತದೆ? ಇಷ್ಟು ಲೆಕ್ಕವನ್ನು ಸ್ವಾರ್ಥವೇ ನಮಗೆ ಕಲಿಸುತ್ತದೆ. ಆದರೆ ಸಾಲ ತೀರಿದ ಮೇಲೂ ಸರ್ವಸದಸ್ಯರ ಸಭೆಗೆ ಬಂದು ಕೂರುವುದು, ತಪ್ಪು ಕಂಡರೆ ಎದ್ದು ಕೇಳುವುದು, ನಮ್ಮ ಮೊಮ್ಮಕ್ಕಳ ಕಾಲಕ್ಕೆ ನಿಧಿ ಉಳಿಸುವುದು, ಇವಕ್ಕೆ ಸ್ವಾರ್ಥ ಸಾಲದು. ಅದಕ್ಕೆ ಊರಿನ ಮೇಲೆ ಪ್ರೀತಿಯೂ ಬೇಕು. ರೈಫೈಸನ್ ಅವರು ಎರಡನ್ನೂ ಬಿಡಲಿಲ್ಲ, ನಾವೂ ಬಿಡದಿರೋಣ.