ಗ್ರಂಥಾಲಯ ಸಂಘಟನೆಯ ಸಾರಥಿ ಡಾ. ಎಸ್. ಆರ್. ರಂಗನಾಥನ್

ಯಾವುದೇ ವೃತ್ತಿಯು ಸಮಾಜದಲ್ಲಿ ಮನ್ನಣೆಗೆ ಪಾತ್ರವಾಗಬೇಕಾದರೆ ಆ ವೃತ್ತಿಯನ್ನು ಅವಲಂಬಿಸಿದವರೆಲ್ಲ ಒಂದೆಡೆ ಕಲೆತು, ತಮ್ಮ ಕುಂದುಕೊರತೆಗಳನ್ನು ವಿಚಾರಿಸಿ, ತಮ್ಮ ಕರ್ತವ್ಯಗಳನ್ನು ತಾವೇ ನಿರ್ಧರಿಸಿಕೊಳ್ಳುವುದು ಅಗತ್ಯ. ಇಂತಹ ಉದ್ದೇಶದಿಂದಲೇ ಸಂಘಗಳು ಹುಟ್ಟುತ್ತವೆ. ಆದರೆ ಸಂಘ ಹುಟ್ಟಿದೊಡನೆ ಅದರ ಅಧ್ಯಕ್ಷತೆ, ಕಾರ್ಯದರ್ಶಿತ್ವಗಳೂ ಹುಟ್ಟುತ್ತವೆ. ಅವುಗಳನ್ನು ಬಯಸುವವರೂ ಹುಟ್ಟುತ್ತಾರೆ. ಪದವಿಯನ್ನು ಬಯಸುವುದು ತಪ್ಪಲ್ಲ. ಅದನ್ನು ಯಾವುದಕ್ಕಾಗಿ ಬಯಸಬೇಕು, ದೊರೆತ ಮೇಲೆ ಅದರಿಂದ ಏನನ್ನು ಸಾಧಿಸಬೇಕು ಎಂಬುದೇ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವವರಿಗೆ ಈ ಹೆಸರು ದೂರದ್ದಲ್ಲ. ಮೈಸೂರು ರಸ್ತೆಯಲ್ಲಿ, ಜ್ಞಾನಭಾರತಿಯ ನೆರೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿ ಅವರು ಸ್ಥಾಪಿಸಿದ ಸಂಶೋಧನ ಕೇಂದ್ರವು ಇಂದಿಗೂ ಕಾರ್ಯನಿರತವಾಗಿದೆ. ಅವರ ಬಾಳಿನ ಕೊನೆಯ ಒಂದೂವರೆ ದಶಕ ಕಳೆದದ್ದು ಬೆಂಗಳೂರಿನಲ್ಲಿ. ನಮ್ಮ ನಾಡಿನ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೂ ಅವರ ಚಿಂತನೆಗೂ ನಿಕಟವಾದ ಸಂಬಂಧವಿದೆ. ಆದುದರಿಂದ ಅವರ ಜೀವನ ವೃತ್ತಾಂತವನ್ನು ಅರಿಯುವುದು ವಿದ್ಯಾಸಂಸ್ಥೆಗಳಿಗೆ ಸೇರಿದವರೆಲ್ಲರಿಗೂ ಉಚಿತವಾದುದು.

ರಂಗನಾಥನ್ ಅವರು ಜನಿಸಿದ್ದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲು ಇದ್ದುದರಿಂದ ಸಭೆಗಳಲ್ಲಿ ಬಾಯಿ ತೆರೆಯುವುದೇ ಅವರಿಗೆ ಕಷ್ಟವಾಗಿತ್ತು. ಸತತ ಅಭ್ಯಾಸದಿಂದ ಆ ದೋಷವನ್ನು ಅವರು ಬಹುಮಟ್ಟಿಗೆ ಗೆದ್ದುಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಸಿಸಿ, 1916ರಲ್ಲಿ ಎಂ.ಎ. ಪದವಿಯನ್ನು ಪಡೆದರು, ಅಲ್ಲಿ ಪ್ರೊಫೆಸರ್ ಎಡ್ವರ್ಡ್ ರಾಸ್ ಅವರ ಪ್ರೀತಿಯ ಶಿಷ್ಯರೆನಿಸಿದರು. 1917ರಲ್ಲಿ ಅವರ ಅಧ್ಯಾಪಕ ವೃತ್ತಿ ಆರಂಭವಾದದ್ದು ಕನ್ನಡ ಕರಾವಳಿಯ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮುಂದೆ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಪಾಠ ಹೇಳಿದರು. ಉತ್ತಮ ಅಧ್ಯಾಪಕರೆಂಬ ಕೀರ್ತಿ ಅವರಿಗಿತ್ತು. ಅಧ್ಯಾಪಕರ ಸಂಘದ ಚಟುವಟಿಕೆಗಳಲ್ಲಿ ಪಾಲ್ಗೊಂಡದ್ದರಿಂದ ಸಂಘಟನೆಯ ಮೊದಲ ಪಾಠಗಳೂ ಆ ಕಾಲದಲ್ಲಿಯೇ ದೊರೆತವು.

ಮದರಾಸು ವಿಶ್ವವಿದ್ಯಾಲಯವು ತನ್ನ ಗ್ರಂಥಾಲಯಕ್ಕೆ ಪೂರ್ಣಾವಧಿಯ ಗ್ರಂಥಪಾಲಕರನ್ನು ನೇಮಿಸಲು ನಿರ್ಧರಿಸಿದಾಗ ನೂರಾರು ಮಂದಿ ಅರ್ಜಿ ಸಲ್ಲಿಸಿದರು. ಗೆಳೆಯರ ಒತ್ತಾಯಕ್ಕೆ ಮಣಿದು ರಂಗನಾಥನ್ ಅವರೂ ಅರ್ಜಿ ಹಾಕಿದ್ದರು. ಗ್ರಂಥಾಲಯದ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆಯು ಸಂದರ್ಶನಕ್ಕೆ ಮುನ್ನ ವಿಶ್ವಕೋಶವೊಂದರಲ್ಲಿ ಓದಿಕೊಂಡದ್ದಷ್ಟೇ ಎಂದು ಹೇಳುವುದುಂಟು. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು. ತರಗತಿಯಲ್ಲಿ ನೂರು ಕಣ್ಣುಗಳ ಎದುರು ನಿಂತು ಅಭ್ಯಾಸವಾಗಿದ್ದವರಿಗೆ ಗ್ರಂಥಾಲಯದ ನಿಶ್ಶಬ್ದವು ಸೆರೆವಾಸದಂತೆ ತೋರಿತು. ಕೆಲವೇ ದಿನಗಳಲ್ಲಿ ಹಿಂದಿನ ಕಾಲೇಜಿಗೇ ಮರಳುವ ಬಯಕೆಯನ್ನು ಪ್ರಾಂಶುಪಾಲರಲ್ಲಿ ನಿವೇದಿಸಿಕೊಂಡರು. ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬರುವುದು, ಆಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗುವುದು ಎಂಬ ಏರ್ಪಾಡಿನ ಮೇಲೆ ಅವರು ಸಮುದ್ರಯಾನ ಕೈಗೊಂಡರು.

ಆ ಯಾನವು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನ ಶಾಲೆಯಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಬರ್ವಿಕ್ ಸೇಯರ್ಸ್. ಅವರು ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲಕರು. ಮುಂದೆ ಬ್ರಿಟನ್ನಿನ ಗ್ರಂಥಾಲಯ ಸಂಘದ ಅಧ್ಯಕ್ಷರೂ ಆದರು. ಅವರ ಮಾರ್ಗದರ್ಶನದಲ್ಲಿ ರಂಗನಾಥನ್ ಅವರು ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ದುಡಿಯುವ ಕಾರ್ಮಿಕನೂ, ಮನೆಯ ಗೃಹಿಣಿಯೂ, ಶಾಲೆಯ ಬಾಲಕನೂ ಯಾವ ಸಂಕೋಚವೂ ಇಲ್ಲದೆ ಪುಸ್ತಕ ತೆಗೆದುಕೊಂಡು ಹೋಗುವುದನ್ನು ಕಂಡರು. ಅದರ ಹಿಂದೆ ಎರಡು ಶಕ್ತಿಗಳಿರುವುದನ್ನೂ ಗುರುತಿಸಿದರು: ಒಂದು, ಗ್ರಂಥಾಲಯವನ್ನು ಪೋಷಿಸುವ ಕಾನೂನು, ಇನ್ನೊಂದು, ಗ್ರಂಥಪಾಲಕರನ್ನು ಒಗ್ಗೂಡಿಸಿದ ಸಂಘ. 1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಕಾಲೇಜಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅಂದು ನಮ್ಮ ದೇಶದಲ್ಲಿ ಗ್ರಂಥಪಾಲಕನೆಂದರೆ ಬೀಗದ ಕೈಯನ್ನು ಕಾಯುವವನು ಎಂಬ ಭಾವನೆಯಿತ್ತು. ಪುಸ್ತಕ ಕಳೆದರೆ ಅವನೇ ಹೊಣೆ. ಆದುದರಿಂದ ಪುಸ್ತಕವನ್ನು ಕೊಡದಿರುವುದೇ ಅವನ ಜಾಣತನವಾಗಿತ್ತು. ರಂಗನಾಥನ್ ಅವರು ಕಪಾಟುಗಳನ್ನು ತೆರೆದಿಟ್ಟು, ಓದುಗರು ತಾವೇ ಪುಸ್ತಕಗಳನ್ನು ಆರಿಸಿಕೊಳ್ಳಲು ಅವಕಾಶ ಕಲ್ಪಿಸಿದರು. ಗ್ರಂಥಾಲಯವು ತೆರೆದಿರುವ ಅವಧಿಯನ್ನು ಹೆಚ್ಚಿಸಿದರು. ದಿನಕ್ಕೆ ಹದಿಮೂರು ಗಂಟೆಗಳಂತೆ, ವಾರದ ಏಳು ದಿನವೂ ದುಡಿದರು. ತಮ್ಮ ಅನುಭವವನ್ನೆಲ್ಲ ಮಥಿಸಿ ಐದು ಸೂತ್ರಗಳನ್ನು ರೂಪಿಸಿದರು. ಗ್ರಂಥಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ತನಗೆ ಬೇಕಾದ ಗ್ರಂಥ ದೊರೆಯಬೇಕು, ಪ್ರತಿಯೊಂದು ಗ್ರಂಥಕ್ಕೂ ತಕ್ಕ ಓದುಗ ದೊರೆಯಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು, ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತಲೇ ಇರುತ್ತದೆ. ಇದು ಆ ಸೂತ್ರಗಳ ಸಾರ. ಕೇಳಲು ಸರಳವಾದ ಈ ಮಾತುಗಳಿಂದ ಕಟ್ಟಡದ ರಚನೆ, ಸಿಬ್ಬಂದಿಯ ನಡವಳಿಕೆ, ಹಣದ ಹಂಚಿಕೆ ಮೊದಲಾದ ಸಕಲ ವಿಷಯಗಳನ್ನೂ ಅವರು ತರ್ಕಬದ್ಧವಾಗಿ ನಿಷ್ಪನ್ನಗೊಳಿಸಿದರು. ಗಣಿತಜ್ಞನ ಬುದ್ಧಿಯು ಗ್ರಂಥಾಲಯಕ್ಕೆ ಇತ್ತ ಕೊಡುಗೆಯಿದು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಪದ್ಧತಿಯೂ ಇದೇ ಬುದ್ಧಿಯ ಫಲ. ಲಂಡನ್ನಿನ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಕೂಡಿಸಿ ಬಗೆಬಗೆಯ ಆಕೃತಿಗಳನ್ನು ಕಟ್ಟುವ ಮಕ್ಕಳ ಆಟಿಕೆಯನ್ನು ಕಂಡಾಗ ಅವರಿಗೆ ಇದರ ಹೊಳಹು ದೊರೆಯಿತು.

ಇಷ್ಟನ್ನು ಒಂದು ಗ್ರಂಥಾಲಯದ ನಾಲ್ಕು ಗೋಡೆಗಳ ನಡುವೆಯೇ ಅವರು ಮಾಡಿ ಮುಗಿಸಿದ್ದರೆ ವಿದ್ವಾಂಸರೆಂದು ಮಾತ್ರ ಉಳಿಯುತ್ತಿದ್ದರು. ಅವರ ದೃಷ್ಟಿ ಊರೂರುಗಳ ಕಡೆಗಿತ್ತು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಯಾದಾಗ ಅವರು ಅದರ ಕಾರ್ಯದರ್ಶಿಯಾದರು. ಕಾರ್ಯದರ್ಶಿಯೆಂದರೆ ಕಾಗದ ಬರೆಯುವವನು, ಕುರ್ಚಿ ಹಾಕಿಸುವವನು, ಚಂದಾ ಎತ್ತುವವನು. ಆ ಹೊರೆಯನ್ನು ಅವರು ಮದರಾಸಿನಲ್ಲಿ ಇದ್ದಷ್ಟು ಕಾಲವೂ ಸಂತೋಷದಿಂದ ಹೊತ್ತರು. 1929ರಲ್ಲಿ ಸಂಘದ ಆಶ್ರಯದಲ್ಲಿ ಗ್ರಂಥಪಾಲಕರ ತರಬೇತಿ ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾಲಯವು ಅದನ್ನು ತನ್ನದಾಗಿಸಿಕೊಂಡಿತು. ಐದು ಸೂತ್ರಗಳ ಗ್ರಂಥವನ್ನು 1931ರಲ್ಲಿ ಪ್ರಕಟಿಸಿದ್ದು ಇದೇ ಸಂಘ. ಅದೇ ವರ್ಷ ಈ ಚಳವಳಿಯ ಪ್ರೇರಣೆಯಿಂದ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯವು ಹಳ್ಳಿಗಳತ್ತ ಹೊರಟಿತು. ಓದುಗನು ಪುಸ್ತಕದ ಬಳಿಗೆ ಬರಲಾಗದಿದ್ದರೆ ಪುಸ್ತಕವೇ ಓದುಗನ ಬಾಗಿಲಿಗೆ ಹೋಗಬೇಕೆಂಬ ತತ್ತ್ವಕ್ಕೆ ಅದು ಪ್ರತ್ಯಕ್ಷ ನಿದರ್ಶನವಾಯಿತು.

ಆದರೆ ಕಾನೂನಿನ ಆಧಾರವಿಲ್ಲದ ಗ್ರಂಥಾಲಯವು ದಾನಿಗಳ ಉತ್ಸಾಹ ಇರುವಷ್ಟು ದಿನ ಮಾತ್ರ ಬಾಳುತ್ತದೆ ಎಂಬುದನ್ನು ಅವರು ಅರಿತಿದ್ದರು. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಮಾದರಿ ಗ್ರಂಥಾಲಯ ಮಸೂದೆಯನ್ನು ಇಟ್ಟರು. ಮೂವತ್ತರ ದಶಕದಲ್ಲಿ ಶಾಸನದ ಪ್ರಯತ್ನಗಳು ಕೈಗೂಡಲಿಲ್ಲ. ಅದರಿಂದ ಅವರು ಧೃತಿಗೆಡಲಿಲ್ಲ; ಮಸೂದೆಯನ್ನು ಮತ್ತೆ ಮತ್ತೆ ತಿದ್ದುತ್ತಲೇ ಹೋದರು.

ಅಖಿಲ ಭಾರತ ಮಟ್ಟದಲ್ಲಿ ಭಾರತೀಯ ಗ್ರಂಥಾಲಯ ಸಂಘವು 1933ರಲ್ಲಿ ಕಲಕತ್ತೆಯಲ್ಲಿ ಜನ್ಮ ತಾಳಿತ್ತು. 1944ರಲ್ಲಿ ರಂಗನಾಥನ್ ಅವರು ಅದರ ಅಧ್ಯಕ್ಷರಾದರು. 1945ರಲ್ಲಿ ಮದರಾಸಿನ ಹುದ್ದೆಯನ್ನು ಬಿಟ್ಟು, ಡಾ. ಎಸ್. ರಾಧಾಕೃಷ್ಣನ್ ಅವರ ಆಹ್ವಾನದಂತೆ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೆ ತೆರಳಿ, ಅಲ್ಲಿನ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಕ್ರಮಗೊಳಿಸಿದರು. 1947ರಲ್ಲಿ ಸರ್ ಮಾರಿಸ್ ಗ್ವೈಯರ್ ಅವರ ಕರೆಗೆ ಓಗೊಟ್ಟು ದೆಹಲಿ ವಿಶ್ವವಿದ್ಯಾಲಯವನ್ನು ಸೇರಿದರು. ಈ ಸ್ಥಳಾಂತರಗಳ ನಡುವೆಯೂ ಸಂಘದ ಹೊಣೆಯನ್ನು ಅವರು ಕೈಬಿಡಲಿಲ್ಲ. ಬರೋಡ, ನಾಗಪುರ, ಇಂದೂರುಗಳಲ್ಲಿ ಸಮ್ಮೇಳನಗಳು ಸೇರಿದವು. 1949ರಲ್ಲಿ ಸಂಘದ ಪತ್ರಿಕೆ ಆರಂಭವಾಯಿತು. ಪ್ರಾಂತಗಳಿಗಾಗಿ ಗ್ರಂಥಾಲಯ ಯೋಜನೆಗಳೂ ಮಸೂದೆಗಳೂ ಅವರ ಲೇಖನಿಯಿಂದ ಸಿದ್ಧವಾದವು. 1948ರಲ್ಲಿ, ಅವಿನಾಶಿಲಿಂಗಂ ಚೆಟ್ಟಿಯಾರರು ಶಿಕ್ಷಣ ಸಚಿವರಾಗಿದ್ದಾಗ, ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಅಂಗೀಕಾರವಾಯಿತು. ಸ್ವತಂತ್ರ ಭಾರತದ ಮೊದಲನೆಯ ಗ್ರಂಥಾಲಯ ಶಾಸನವದು. ಹದಿನೆಂಟು ವರ್ಷಗಳ ತಾಳ್ಮೆಗೆ ಫಲ ದೊರೆತಿತ್ತು.

1953ರಲ್ಲಿ ಅವರ ಅಧ್ಯಕ್ಷತೆ ಮುಗಿಯಿತು. ಪೀಠದಿಂದ ಇಳಿದವರು ಮೂಲೆಗುಂಪಾಗುವುದು ಲೋಕದ ರೂಢಿ. ರಂಗನಾಥನ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಏಕೆಂದರೆ ಅವರ ಶಕ್ತಿಯು ಪೀಠದಿಂದ ಬಂದುದಾಗಿರಲಿಲ್ಲ. ಕೆಲಕಾಲ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿದ್ದು ಗ್ರಂಥರಚನೆಯಲ್ಲಿ ತೊಡಗಿದರು. ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಅರ್ಪಿಸಿ, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿದರು. ಸಂಬಳದಲ್ಲಿ ಜೀವಿಸಿದ ಗೃಹಸ್ಥರೊಬ್ಬರು ತಮ್ಮ ಗಳಿಕೆಯನ್ನೆಲ್ಲ ವೃತ್ತಿಗೇ ಹಿಂದಿರುಗಿಸಿದ ಈ ದಾನದ ಬೆಲೆಯನ್ನು ವಿದ್ಯಾಸಂಸ್ಥೆಗಳನ್ನು ಪೋಷಿಸುವ ಮಹನೀಯರು ಬಲ್ಲರು. 1957ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಅದೇ ವರ್ಷ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ವಿಶ್ರಾಂತಿಯ ವಯಸ್ಸು, ಆದರೆ ವಿಶ್ರಾಂತಿ ಅವರ ಸ್ವಭಾವದಲ್ಲಿಯೇ ಇರಲಿಲ್ಲ. 1961ರಲ್ಲಿ ಇಲ್ಲಿ ಶಾರದಾ ರಂಗನಾಥನ್ ದತ್ತಿಯು ಸ್ಥಾಪಿತವಾಯಿತು. 1962ರ ಜನವರಿಯಲ್ಲಿ, ಪ್ರೊಫೆಸರ್ ಮಹಲನೋಬಿಸ್ ಅವರ ಬೆಂಬಲದೊಡನೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಡಾಕ್ಯುಮೆಂಟೇಷನ್ ಸಂಶೋಧನ ಮತ್ತು ತರಬೇತಿ ಕೇಂದ್ರವು ಬೆಂಗಳೂರಿನಲ್ಲಿ ಆರಂಭವಾಯಿತು. ವಿಜ್ಞಾನಿಗಳಿಗೂ ಕೈಗಾರಿಕೆಗಳಿಗೂ ಬೇಕಾದ ಬಿಡಿ ಲೇಖನಗಳನ್ನೂ ವರದಿಗಳನ್ನೂ ಹುಡುಕಿ, ವಿಂಗಡಿಸಿ, ಹೊತ್ತಿಗೆ ಸರಿಯಾಗಿ ಒದಗಿಸುವ ವಿದ್ಯೆಯನ್ನು ಕಲಿಸುವುದು ಅದರ ಉದ್ದೇಶ. ದೇಶದ ನಾನಾ ಭಾಗಗಳಿಂದ ಬಂದ ತರುಣರು ಎಪ್ಪತ್ತು ಸಮೀಪಿಸಿದ್ದ ಗುರುಗಳ ಬಳಿ ಕುಳಿತು ಕಲಿತರು. ಮುಂದಿನ ವರ್ಷಗಳಲ್ಲಿ ಆ ಕೇಂದ್ರವು ಮೈಸೂರು ರಸ್ತೆಯ ಆವರಣದಲ್ಲಿ ನೆಲೆಯೂರಿತು. 1965ರಲ್ಲಿ ರಂಗನಾಥನ್ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಗಣಿತಜ್ಞ ರಾಮಾನುಜನ್ ಅವರ ಜೀವನ ಚರಿತ್ರೆಯನ್ನು ಬರೆದು ತಮ್ಮ ಮೊದಲ ವಿದ್ಯೆಗೂ ಋಣ ಸಲ್ಲಿಸಿದರು.

ಅದೇ 1965ರಲ್ಲಿ ನಮ್ಮ ರಾಜ್ಯದಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ರೂಪುಗೊಂಡಿತು. ಅವರು ದಶಕಗಳಿಂದ ಪ್ರತಿಪಾದಿಸುತ್ತ ಬಂದಿದ್ದ ತತ್ತ್ವಗಳು ಅದರಲ್ಲಿ ಶಾಸನರೂಪವನ್ನು ತಾಳಿದವು. ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಜಾಲವೂ, ಕಟ್ಟಡ ಮತ್ತು ಭೂಮಿಯ ತೆರಿಗೆಯೊಡನೆ ಸಲ್ಲುವ ಗ್ರಂಥಾಲಯ ಕರವೂ ಅದರ ಫಲಗಳು. ಇಂದು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ವೃದ್ಧರು ವೃತ್ತಪತ್ರಿಕೆ ಓದುವಾಗ, ಬಡ ವಿದ್ಯಾರ್ಥಿಯು ಸ್ಪರ್ಧಾ ಪರೀಕ್ಷೆಗೆ ಸಿದ್ಧನಾಗುವಾಗ, ಆ ಮೇಜಿನ ಹಿಂದೆ ಇಂತಹ ಶಾಸನವೊಂದಿದೆಯೆಂಬುದನ್ನೂ ಅದಕ್ಕಾಗಿ ಶ್ರಮಿಸಿದವರನ್ನೂ ನೆನೆಯಬೇಕು.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಅವರು ಬೆಂಗಳೂರಿನಲ್ಲಿ ದೈವಾಧೀನರಾದರು. ಆಗಸ್ಟ್ 12ನೆಯ ದಿನವನ್ನು ದೇಶದಾದ್ಯಂತ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತಿದೆ. 1992ರಲ್ಲಿ ಅವರ ಜನ್ಮಶತಾಬ್ದಿಯ ಸ್ಮರಣಾರ್ಥ ಅಂಚೆ ಚೀಟಿಯೂ ಹೊರಬಂದಿತು.

ಅವರು ಕಾರ್ಯದರ್ಶಿಯಾಗಿ ದುಡಿದರು, ಅಧ್ಯಕ್ಷರಾಗಿಯೂ ದುಡಿದರು, ಏನೂ ಅಲ್ಲದೆಯೂ ದುಡಿದರು. ಮೂರರಲ್ಲಿಯೂ ದುಡಿಮೆಯ ಪ್ರಮಾಣ ಒಂದೇ ಆಗಿತ್ತು. ಸಂಘದ ಪದವಿಯನ್ನು ಅಪೇಕ್ಷಿಸುವ ಗ್ರಂಥಪಾಲಕರಿಗೂ ಅಧ್ಯಾಪಕರಿಗೂ ಇದಕ್ಕಿಂತ ಸ್ಪಷ್ಟವಾದ ಮಾದರಿ ಬೇಕಿಲ್ಲ. ತಾನು ಏರುವ ಪೀಠದಿಂದ ಎಷ್ಟು ಓದುಗರಿಗೆ ಪುಸ್ತಕ ದೊರೆಯುವುದು, ಎಷ್ಟು ತರುಣರಿಗೆ ವಿದ್ಯೆ ದೊರೆಯುವುದು, ತಾನು ಇಳಿದ ಮೇಲೂ ನಿಲ್ಲುವಂತಹ ಯಾವ ಕಟ್ಟುಪಾಡು ಉಳಿಯುವುದು ಎಂದು ಮೊದಲೇ ಕೇಳಿಕೊಂಡವನೇ ನಾಯಕತ್ವಕ್ಕೆ ಅರ್ಹನು. ಪ್ರತಿಯೊಂದು ಶಾಲೆಯಲ್ಲಿಯೂ ಬೀಗ ಹಾಕಿದ ಒಂದು ಪುಸ್ತಕದ ಕಪಾಟು ಇರುವುದುಂಟು. ಅದನ್ನು ತೆರೆದು ಮಕ್ಕಳ ಕೈಗೆ ಪುಸ್ತಕ ನೀಡುವುದೇ ಆ ಪುಣ್ಯಚೇತನಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.